ಡಾ. ಮೋರಾ ಲಿಂಚ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಮಹಿಳಾ ಪುರವಣಿಯಲ್ಲಿ ಹೊರದೇಶದಿಂದ ಬಂದು ನಮ್ಮ ಹೆಂಗಸರಿಗೆ ಔಷಧಿ ಕೊಟ್ಟ ಡಾಕ್ಟರಮ್ಮಂದಿರ ಬಗ್ಗೆ ಬಂದ ಬರಹ ಓದಿದೆ. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದ ಸ್ವಿಟ್ಜರ್ಲೆಂಡಿನ ಈವಾ ಲೊಂಬಾರ್ಡ್, ವೆಲ್ಲೂರಿನ ಐಡಾ ಸ್ಕಡರ್, ಇಬ್ಬರ ವಿಷಯವೂ ಚೆನ್ನಾಗಿ ಬಂದಿತ್ತು. ನಮ್ಮ ಕಡೆ ಹಳಬರು ಈಗಲೂ ಲೊಂಬಾರ್ಡ್ ಆಸ್ಪತ್ರೆ ಅಂದರೆ ದನಿ ತಗ್ಗಿಸಿ ಗೌರವದಿಂದ ಮಾತಾಡುತ್ತಾರೆ. ಅದೇ ಸಾಲಿಗೆ ಇನ್ನೊಂದು ಹೆಸರು ಸೇರಬೇಕು ಅಂತ ನನಗೆ ತುಂಬಾ ಅನಿಸಿತು. ಐರ್ಲೆಂಡಿನ ಡಾ. ಮೋರಾ ಲಿಂಚ್. ಅವರು ನಮ್ಮ ದೇಶಕ್ಕೆ ಬಂದು ಕೆಲಸ ಮಾಡಿದವರಲ್ಲ, ಅವರ ಜೀವನವೆಲ್ಲ ಕಳೆದದ್ದು ಆಫ್ರಿಕಾದಲ್ಲಿ. ಆದರೂ ಕಷ್ಟದ ಹೆರಿಗೆಯಲ್ಲಿ ಗಾಯವಾಗಿ ಮೂತ್ರ ಸೋರುವ ಹೆಂಗಸರಿಗೆ ಆಪರೇಷನ್ ಮಾಡುವ ಅವರ ಕೆಲಸ ಎಂಥದ್ದು ಅಂದರೆ ನಮ್ಮ ಕಾಸರಗೋಡು ಗಡಿನಾಡಿನ ಬದಿಯಡ್ಕ, ಪೆರ್ಲ, ವರ್ಕಾಡಿ, ದೇಲಂಪಾಡಿ ಕಡೆಯ ಹೆಂಗಸರು ಅದನ್ನು ಕೇಳಿ ತಿಳಿದುಕೊಳ್ಳಲೇಬೇಕು.

ಮೊದಲೇ ಒಂದು ವಿನಂತಿ. ಈ ಪತ್ರದಲ್ಲಿ ಮೂತ್ರ, ಗರ್ಭಕೋಶ, ಯೋನಿ ಅಂತ ನೇರವಾಗಿ ಬರೆಯುತ್ತೇನೆ. ಜಾಗ ಸಾಲದಿದ್ದರೆ ಬೇರೆ ಸಾಲು ತೆಗೆಯಿರಿ, ಆ ಪದಗಳಿಗೆ ಕತ್ತರಿ ಹಾಕಬೇಡಿ. ಹಳ್ಳಿ ಕಡೆ ಆರೋಗ್ಯ ಕಾರ್ಯಕರ್ತೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹೆಂಗಸರು ಬಾಯಿ ಬಿಡದೆ ಇದ್ದದ್ದರಿಂದ ಎಷ್ಟು ಹಾಳಾಗಿದೆ ಅಂತ ಕಣ್ಣಾರೆ ನೋಡಿದ್ದೇನೆ.

ಮೋರಾ ಲಿಂಚ್ ಹುಟ್ಟಿದ್ದು 1938ರಲ್ಲಿ, ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಯೋಲ್ ಎಂಬ ಕಡಲ ಬದಿಯ ಊರಿನಲ್ಲಿ. ಇನ್ನೂ ಹದಿಹರೆಯದಲ್ಲೇ ಮೆಡಿಕಲ್ ಮಿಷನರೀಸ್ ಆಫ್ ಮೇರಿ ಎಂಬ ಕ್ರೈಸ್ತ ಸನ್ಯಾಸಿನಿಯರ ಸಂಘ ಸೇರಿದರು. ಸಂಘದಲ್ಲಿದ್ದುಕೊಂಡೇ ಡಬ್ಲಿನ್ನಿನಲ್ಲಿ ಡಾಕ್ಟರಿಕೆ ಓದಿದರು. ಸನ್ಯಾಸಿನಿಯೂ ಹೌದು, ಆಪರೇಷನ್ ಮಾಡುವ ಸರ್ಜನ್ನೂ ಹೌದು. ಇವತ್ತು ಇದನ್ನು ಓದಿದವರಿಗೆ ಇದರಲ್ಲಿ ಏನು ವಿಶೇಷ ಅಂತ ಅನಿಸಬಹುದು. ಮಂಗಳೂರಿನ ಆಸ್ಪತ್ರೆಗಳಲ್ಲಿ ಸಿಸ್ಟರ್‌ಗಳನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ, ಅಲ್ವಾ? ಆದರೆ ಮೋರಾ ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನವರೆಗೂ ಕೆಥೊಲಿಕ್ ಸನ್ಯಾಸಿನಿಯರು ಡಾಕ್ಟರಾಗಿ ಕೆಲಸ ಮಾಡುವುದಕ್ಕೆ, ಹೆರಿಗೆ ಮಾಡಿಸುವುದಕ್ಕೆ ಚರ್ಚಿನ ನಿಯಮವೇ ಅಡ್ಡ ಇತ್ತು. ರೋಗಿಯ ಶುಶ್ರೂಷೆ ಮಾಡಬಹುದು, ಹೆರಿಗೆ ಕೋಣೆಯ ಒಳಗೆ ಹೋಗುವ ಹಾಗಿಲ್ಲ. ಹೋಗಬೇಕಾದರೆ ರೋಮಿನಿಂದ ವಿಶೇಷ ಅನುಮತಿ ಬೇಕು.

ಆ ಬಾಗಿಲು ತೆರೆದ ಹೆಂಗಸರ ಕಥೆ ನಮ್ಮ ದೇಶಕ್ಕೂ ತಾಗಿಕೊಂಡಿದೆ. ಸ್ಕಾಟ್ಲೆಂಡಿನ ಡಾ. ಆ್ಯಗ್ನೆಸ್ ಮೆಕ್ಲಾರೆನ್ ಅಂತ ಒಬ್ಬರಿದ್ದರು. ಅವರ ಕಾಲದಲ್ಲಿ ಅವರ ಊರಿನಲ್ಲಿ ಹೆಣ್ಣುಮಕ್ಕಳಿಗೆ ಡಾಕ್ಟರ್ ಪದವಿ ಕೊಡುತ್ತಿರಲಿಲ್ಲ. ಫ್ರಾನ್ಸಿಗೆ ಹೋಗಿ ಓದಿ 1878ರಲ್ಲಿ ಪದವಿ ಪಡೆದರು, ಬ್ರಿಟನ್ನಿನಲ್ಲಿ ಕೆಲಸ ಮಾಡುವ ಲೈಸೆನ್ಸನ್ನು ಡಬ್ಲಿನ್ನಿನಲ್ಲಿ ತೆಗೆದುಕೊಂಡರು. ಯಾಕೆ ಡಬ್ಲಿನ್ ಅಂದರೆ, 1876ರಲ್ಲಿ ಕಾನೂನು ಬದಲಾದ ಮೇಲೆ ಹೆಂಗಸರಿಗೆ ಮೊದಲು ಪರೀಕ್ಷೆಯ ಬಾಗಿಲು ತೆರೆದದ್ದು ಅಲ್ಲಿನ ವೈದ್ಯರ ಕಾಲೇಜು. ಮುಂಬಯಿಯ ಕಾಮಾ ಆಸ್ಪತ್ರೆಗೆ ಬಂದ ಡಾ. ಈಡಿತ್ ಪೀಚಿ ಕೂಡ ಡಬ್ಲಿನ್ನಿನಲ್ಲಿ ಪಾಸಾದವರೇ. ನಮ್ಮಲ್ಲಿ ಐರ್ಲೆಂಡ್ ಅಂದರೆ ಹಿಂದೆ ಇಂಗ್ಲಿಷರ ಕೈಕೆಳಗಿದ್ದ ಇನ್ನೊಂದು ದೇಶ, ಈಗ ನಮ್ಮ ನರ್ಸ್ ಹುಡುಗಿಯರು ಕೆಲಸಕ್ಕೆ ಹೋಗುವ ದೇಶ, ಅಷ್ಟೇ ಗೊತ್ತು. ಹೆಂಗಸರನ್ನು ಡಾಕ್ಟರ್ ಅಂತ ಒಪ್ಪಿಕೊಳ್ಳುವುದರಲ್ಲಿ ಆ ಚಿಕ್ಕ ದೇಶ ಲಂಡನ್ನಿಗಿಂತ ಒಂದು ಹೆಜ್ಜೆ ಮುಂದಿತ್ತು ಅನ್ನುವುದನ್ನು ನಮ್ಮ ಶಾಲೆಯ ಮಕ್ಕಳಿಗೂ ಹೇಳಬೇಕು.

ಮೆಕ್ಲಾರೆನ್ ತಮ್ಮ 72ನೇ ವಯಸ್ಸಿನಲ್ಲಿ, 1909ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಗೆ ಬಂದು ಹೆಂಗಸರ ಆಸ್ಪತ್ರೆ ಶುರು ಮಾಡಿದರು. ಅಲ್ಲಿ ಪರದೆಯೊಳಗಿನ ಹೆಂಗಸರು ಗಂಡು ಡಾಕ್ಟರಿಗೆ ಮೈ ತೋರಿಸುತ್ತಿರಲಿಲ್ಲ. ಹೆರಿಗೆ ಕಷ್ಟವಾದರೆ ಸಾಯುವುದೇ. ಸನ್ಯಾಸಿನಿಯರಿಗೆ ಡಾಕ್ಟರಿಕೆ ಮಾಡಲು ಬಿಡಿ ಅಂತ ಈ ಮುದುಕಿ ಮತ್ತೆ ಮತ್ತೆ ರೋಮಿಗೆ ಹೋಗಿ ಕೇಳಿದರು. ಅನುಮತಿ ಬರುವ ಮೊದಲೇ 1913ರಲ್ಲಿ ತೀರಿಹೋದರು. ಅವರ ಮಾತು ಕೇಳಿ ಆಸ್ಟ್ರಿಯಾದ ಅನ್ನಾ ಡೆಂಗೆಲ್ ಎಂಬ ಹುಡುಗಿ ಐರ್ಲೆಂಡಿನ ಕಾರ್ಕ್‌ಗೆ ಹೋಗಿ 1919ರಲ್ಲಿ ಡಾಕ್ಟರಾಗಿ ರಾವಲ್ಪಿಂಡಿಗೆ ಬಂದರು. ಮೆಕ್ಲಾರೆನ್ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಓದಿ ಆಸ್ಟ್ರೇಲಿಯಾದಲ್ಲಿ ಐರಿಷ್ ಮೂಲದ ಮನೆಯಲ್ಲಿ ಹುಟ್ಟಿದ ಡಾ. ಮೇರಿ ಗ್ಲೌರಿ ತಮ್ಮ ಪ್ರಾಕ್ಟೀಸ್ ಬಿಟ್ಟು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದರು, ವಿಶೇಷ ಅನುಮತಿ ಪಡೆದು ಸನ್ಯಾಸಿನಿಯಾಗಿದ್ದುಕೊಂಡೇ ಡಾಕ್ಟರಿಕೆ ಮಾಡಿದರು, 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಹಿಂದೆ ಅವರ ಕನಸಿದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಸೀಟಿಗಾಗಿ ಕಾಯುತ್ತಾರೆ, ಈ ಹೆಸರು ಅವರಿಗೆ ಗೊತ್ತಿರುವುದಿಲ್ಲ.

ನಿಯಮ ಸಡಿಲವಾದದ್ದು 1936ರ ಫೆಬ್ರವರಿಯಲ್ಲಿ. ಅದಕ್ಕಾಗಿ ಐರ್ಲೆಂಡಿನಲ್ಲಿ ಒಬ್ಬರು ವರ್ಷಗಟ್ಟಲೆ ಕಾದು ಕೂತಿದ್ದರು. ಮೇರಿ ಮಾರ್ಟಿನ್. ಮೊದಲ ಮಹಾಯುದ್ಧದಲ್ಲಿ ಮಾಲ್ಟಾದಲ್ಲಿ, ಫ್ರಾನ್ಸಿನಲ್ಲಿ ಗಾಯಾಳುಗಳ ಆರೈಕೆ ಮಾಡಿದವರು, ಆಮೇಲೆ ಸೂಲಗಿತ್ತಿಯ ತರಬೇತಿ ಪಡೆದು 1921ರಲ್ಲಿ ನೈಜೀರಿಯಾಕ್ಕೆ ಹೋದವರು. ಹೆರಿಗೆಯಲ್ಲಿ ತಾಯಂದಿರು ಸಾಯುವುದನ್ನು ಹತ್ತಿರದಿಂದ ಕಂಡವರಿಗೆ ಸುಮ್ನೆ ಪ್ರಾರ್ಥನೆ ಮಾಡಿಕೊಂಡು ಇರಲು ಆಗುವುದಿಲ್ಲ. 1937ರ ಏಪ್ರಿಲಿನಲ್ಲಿ ನೈಜೀರಿಯಾದ ಆಸ್ಪತ್ರೆಯಲ್ಲಿ ತಾವೇ ಕಾಯಿಲೆಯಾಗಿ ಮಲಗಿದ್ದಾಗ ಪ್ರತಿಜ್ಞೆ ತೆಗೆದುಕೊಂಡು ಸಂಘ ಕಟ್ಟಿದರು. ಸಂಘದ ಮುಖ್ಯ ಕೆಲಸವೇ ತಾಯಿ ಮತ್ತು ಮಗುವಿನ ಆರೋಗ್ಯ. ಮೋರಾ ಲಿಂಚ್ ಸೇರಿದ್ದು ಇದೇ ಸಂಘವನ್ನು.

ಡಾಕ್ಟರಾದ ಮೇಲೆ ಅವರನ್ನು ಅಂಗೋಲಾಕ್ಕೆ ಕಳಿಸಿದರು. ಅದು ಆಗ ಪೋರ್ಚುಗೀಸರ ಕೈಯಲ್ಲಿತ್ತು, ಹಾಗಾಗಿ ಪೋರ್ಚುಗೀಸ್ ಕಲಿತರು. 1975ರಲ್ಲಿ ಅಂಗೋಲಾಕ್ಕೆ ಸ್ವಾತಂತ್ರ್ಯ ಸಿಕ್ಕಿತು, ಬೆನ್ನಲ್ಲೇ ಅಂತರ್ಯುದ್ಧ. ಸುಮಾರು ಇಪ್ಪತ್ತು ವರ್ಷ ಅಲ್ಲೇ ಇದ್ದರು, ಯುದ್ಧದ ನಡುವೆಯೂ. ಅಲ್ಲಿ ಗುಂಡು ತಾಗಿದವರು, ಹೆರಿಗೆ ನಿಂತುಹೋದವರು, ಮಲೇರಿಯಾದ ಮಕ್ಕಳು, ಯಾರು ಬಂದರೂ ನೋಡಬೇಕು. ಇದು ನನ್ನ ವಿಭಾಗವಲ್ಲ ಅನ್ನುವ ಮಾತು ಹಳ್ಳಿಯ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. 1987ರಲ್ಲಿ ಉಗಾಂಡಕ್ಕೆ ಬಂದರು. ಮಸಾಕಾ ಪಟ್ಟಣದ ಹತ್ತಿರ ಕಿಟೋವು ಆಸ್ಪತ್ರೆ. ಏಡ್ಸ್ ಆ ಪ್ರದೇಶವನ್ನು ಹಿಂಡಿ ಹಾಕುತ್ತಿದ್ದ ಕಾಲ ಅದು. ಅಲ್ಲಿ ಅವರ ಕಣ್ಣಿಗೆ ಬಿದ್ದವರು ಆಸ್ಪತ್ರೆಯ ಮೂಲೆಯಲ್ಲಿ, ಎಲ್ಲರಿಂದ ದೂರ ಕೂರುವ ಹೆಂಗಸರು. ಮೂತ್ರ ಸೋರುತ್ತಿದ್ದ ಹೆಂಗಸರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮವರಲ್ಲಿ ತುಂಬಾ ಜನರಿಗೆ ಇದು ಹೇಗೆ ಆಗುತ್ತದೆ ಅಂತಲೇ ಗೊತ್ತಿಲ್ಲ. ಹೆರಿಗೆ ನೋವು ಬಂದು ಮಗು ಹೊರಗೆ ಬರಲಾರದೆ ಸಿಕ್ಕಿಕೊಳ್ಳುತ್ತದೆ. ತಾಯಿಯ ಸೊಂಟದ ಎಲುಬಿನ ದಾರಿ ಚಿಕ್ಕದಿರುತ್ತದೆ, ತುಂಬಾ ಎಳೆ ಪ್ರಾಯದಲ್ಲಿ ಮದುವೆಯಾದವರಲ್ಲಿ, ಸಣ್ಣಂದಿನಲ್ಲಿ ಹೊಟ್ಟೆಗೆ ಸರಿಯಾಗಿ ಸಿಗದವರಲ್ಲಿ ಇದು ಜಾಸ್ತಿ. ಅಥವಾ ಮಗು ಅಡ್ಡವಾಗಿರುತ್ತದೆ. ಸಿಸೇರಿಯನ್ ಆದರೆ ಇಬ್ಬರೂ ಉಳಿಯುತ್ತಾರೆ. ಆಗದಿದ್ದರೆ ನೋವು ಎರಡು ದಿನ, ಮೂರು ದಿನ ಹೀಗೇ ಹೋಗುತ್ತದೆ. ಅಷ್ಟು ಹೊತ್ತೂ ಮಗುವಿನ ತಲೆ ತಾಯಿಯ ಮೂತ್ರಕೋಶವನ್ನು ಎಲುಬಿಗೆ ಒತ್ತಿ ಹಿಡಿದಿರುತ್ತದೆ. ಒತ್ತಿದ ಜಾಗಕ್ಕೆ ರಕ್ತ ಹೋಗುವುದಿಲ್ಲ. ಮಾಂಸ ಸಾಯುತ್ತದೆ. ಮಗು ಹೆಚ್ಚಾಗಿ ಸತ್ತೇ ಹುಟ್ಟುತ್ತದೆ. ಕೆಲವು ದಿನ ಕಳೆದ ಮೇಲೆ ಸತ್ತ ಮಾಂಸ ಉದುರಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಆಮೇಲೆ ಮೂತ್ರ ತಡೆಯುವುದಕ್ಕೇ ಆಗುವುದಿಲ್ಲ, ಹಗಲು ರಾತ್ರಿ ಸೋರುತ್ತಲೇ ಇರುತ್ತದೆ. ಕೆಲವರಿಗೆ ಹಿಂಬದಿಯೂ ತೂತಾಗಿ ಮಲ ಕೂಡ ಅದೇ ದಾರಿಯಲ್ಲಿ ಬರುತ್ತದೆ. ಇದಕ್ಕೆ ಡಾಕ್ಟರುಗಳು ಫಿಸ್ಟುಲಾ ಅನ್ನುತ್ತಾರೆ.

ಮಗು ಹೋಯಿತು. ಮೈಯಿಂದ ವಾಸನೆ. ಗಂಡ ದೂರ ಮಾಡುತ್ತಾನೆ. ಅಕ್ಕಪಕ್ಕದವರು ಒಳಗೆ ಕರೆಯುವುದಿಲ್ಲ. ತೊಡೆಯೆಲ್ಲ ಹುಣ್ಣು. ಸೋರುವುದು ಕಡಿಮೆಯಾಗಲಿ ಅಂತ ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ, ಆಗ ಮೂತ್ರ ಇನ್ನೂ ಗಾಢವಾಗಿ ಉರಿ, ವಾಸನೆ ಎರಡೂ ಏರುತ್ತವೆ. ಪ್ರಪಂಚದಲ್ಲಿ ಪ್ರತಿವರ್ಷ 50,000ದಿಂದ 1 ಲಕ್ಷ ಹೆಂಗಸರು ಹೀಗಾಗುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತ್ತು.

ಮೋರಾ ಲಿಂಚ್ ಈ ಹೆಂಗಸರಿಗೆ ಆಪರೇಷನ್ ಮಾಡಲು ನಿಂತರು. ತೂತು ಮುಚ್ಚುವುದು ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ ಅಲ್ಲ. ಜಾಗ ಇಕ್ಕಟ್ಟು, ಮಾಂಸ ಗಟ್ಟಿಯಾಗಿ ಕುಗ್ಗಿರುತ್ತದೆ, ಕಿಡ್ನಿಯಿಂದ ಬರುವ ನಾಳ ಪಕ್ಕದಲ್ಲೇ ಇರುತ್ತದೆ. ಸೊಂಟಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಯೋನಿಯ ಮೂಲಕವೇ ಹೊಲಿಗೆ ಹಾಕುತ್ತಾರೆ. ಆಮೇಲೆ ಎರಡು ವಾರದಷ್ಟು ಟ್ಯೂಬ್ ಹಾಕಿ ಮೂತ್ರಕೋಶ ಯಾವಾಗಲೂ ಖಾಲಿ ಇರುವ ಹಾಗೆ ನೋಡಿಕೊಳ್ಳಬೇಕು. ಟ್ಯೂಬ್ ಒಮ್ಮೆ ಕಟ್ಟಿಕೊಂಡರೆ ಹೊಲಿಗೆ ಬಿಟ್ಟು ಎಲ್ಲ ಹಾಳು. ಅಂದರೆ ಸರ್ಜನ್ನಿನ ಕೈಯಷ್ಟೇ ರಾತ್ರಿ ಪಾಳಿಯ ನರ್ಸಿನ ಕಣ್ಣೂ ಮುಖ್ಯ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ ನರ್ಸುಗಳ ಸುದ್ದಿ ಬರುವುದೇ ಇಲ್ಲ. ಸರಿಯಾಗಿ ಮಾಡಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಮುಂದೆ ಮಗುವಾಗುವುದಿದ್ದರೆ ಸಿಸೇರಿಯನ್ನೇ ಆಗಬೇಕು.

ಕಿಟೋವುವಿನಲ್ಲಿ 2005ರಲ್ಲಿ ಈ ಹೆಂಗಸರಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಬೇರೆ ರೋಗಿಗಳ ನಡುವೆ ಮೂಗು ಮುಚ್ಚಿಕೊಳ್ಳುವವರ ಎದುರು ಮಲಗಬೇಕಾಗಿಲ್ಲ, ಅಕ್ಕಪಕ್ಕದ ಮಂಚದಲ್ಲಿ ತನ್ನ ಹಾಗೇ ಇರುವವರೇ. ಎಷ್ಟು ದೊಡ್ಡ ಸಮಾಧಾನ ಅದು! ನಾನೊಬ್ಬಳೇ ಅಂದುಕೊಂಡು ವರ್ಷಗಟ್ಟಲೆ ಬದುಕಿದವಳು ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದಾಗ ಅವಳಿಗೆ ಏನನಿಸಿರಬೇಕು ಅಂತ ಯೋಚಿಸಿ. ಮೋರಾ ಅವರು ಸಾವಿರಕ್ಕೂ ಜಾಸ್ತಿ ಫಿಸ್ಟುಲಾ ಆಪರೇಷನ್ ಮಾಡಿದರು. ಅಲ್ಲಿನ ಡಾಕ್ಟರುಗಳಿಗೆ, ನರ್ಸುಗಳಿಗೆ ಕಲಿಸಿದರು. ಉಗಾಂಡ ಸರಕಾರ ಅವರಿಗೆ ಜೀವನಪೂರ್ತಿ ಅಲ್ಲೇ ನೆಲೆಸುವ ಹಕ್ಕು ಕೊಟ್ಟಿತು. 2017ರ ಡಿಸೆಂಬರಿನಲ್ಲಿ ಉಗಾಂಡದಲ್ಲೇ ತೀರಿಕೊಂಡರು.

ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಅವರು ಆರಿಸಿಕೊಂಡ ಕಾಯಿಲೆ. ಹೃದಯದ ಆಪರೇಷನ್ ಮಾಡಿದರೆ ಹೆಸರು ಬರುತ್ತದೆ, ಕಿಡ್ನಿ ಬದಲಿಸಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಇದರಲ್ಲಿ ರೋಗಿಯ ಹತ್ತಿರ ದುಡ್ಡಿಲ್ಲ, ಮನೆಯವರ ಬಲವಿಲ್ಲ, ಇದರಿಂದ ಕೂಡಲೇ ಸಾಯುವುದೂ ಇಲ್ಲ, ಆದ್ದರಿಂದ ಅವಸರ ಅಂತ ಯಾರಿಗೂ ಅನಿಸುವುದಿಲ್ಲ. ಹಾಗೆ ಯಾರೂ ಕೇಳದ ಹೆಂಗಸರ ಹತ್ತಿರ ಹೋಗಿ, ಇದು ಶಾಪ ಅಲ್ಲ, ಒಂದು ಗಾಯ, ಹೊಲಿಯಬಹುದು ಅಂತ ಹೇಳುವುದಕ್ಕೆ ಒಬ್ಬ ಡಾಕ್ಟರ್ ತನ್ನ ಆಯುಷ್ಯದ ಎಷ್ಟೋ ವರ್ಷ ಇಟ್ಟರು.

ಈಗ ನಮ್ಮ ಊರಿಗೆ ಬರುತ್ತೇನೆ. ಕೇರಳದಲ್ಲಿ ಎಲ್ಲ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ, ನಮಗೆ ಯಾಕೆ ಈ ಕಥೆ ಅಂತ ಕೇಳುವವರಿದ್ದಾರೆ. ಲೆಕ್ಕ ನಿಜ. 2018-20ರ ಸರಕಾರಿ ಲೆಕ್ಕದಲ್ಲಿ ಜೀವಂತ ಹುಟ್ಟಿದ ಒಂದು ಲಕ್ಷ ಮಕ್ಕಳಿಗೆ ದೇಶದಲ್ಲಿ 97 ತಾಯಂದಿರು ಸತ್ತರೆ ಕೇರಳದಲ್ಲಿ 19. ನಾವು ಹೆಮ್ಮೆಪಡಬೇಕಾದ ವಿಷಯ, ಅದರ ಹಿಂದೆ ನನ್ನಂಥ ಸಾವಿರಾರು ಹೆಂಗಸರು ಗುಡ್ಡ ಹತ್ತಿ ಇಳಿದ ಶ್ರಮವೂ ಇದೆ. ಆದರೆ ಇಡೀ ರಾಜ್ಯದ ಸರಾಸರಿಯಲ್ಲಿ ಗಡಿಯ ಮೂಲೆ ಕಾಣುವುದಿಲ್ಲ. ಹೆರಿಗೆ ಕಷ್ಟವಾದರೆ ನಮ್ಮವರು ಇವತ್ತಿಗೂ ಮಂಗಳೂರಿನ ದಾರಿ ಹಿಡಿಯುತ್ತಾರೆ. ಹೆರಿಗೆಯಲ್ಲಿ ಪ್ರಾಣ ಹೋಗುವುದಕ್ಕೆ ಮೂರು ತಡ ಕಾರಣ ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಿದ್ದರು. ಆಸ್ಪತ್ರೆಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನವಾಗುವುದು ತಡ. ಹೊರಟ ಮೇಲೆ ತಲುಪುವುದು ತಡ. ತಲುಪಿದ ಮೇಲೆ ಚಿಕಿತ್ಸೆ ಶುರುವಾಗುವುದು ತಡ. ಎರಡನೆಯ ತಡ ಎಂಥದ್ದು ಅಂತ 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಇಡೀ ದೇಶ ನೋಡಿತು. ಆಂಬುಲೆನ್ಸುಗಳು ವಾಪಸು ಬಂದವು, ರೋಗಿಗಳು ಸತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಕಾಯುವುದು ಹೇಗೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ನಾನು ಇವತ್ತು ಬರೆಯಬೇಕು ಅಂತ ಕೂತದ್ದು ಮೊದಲ ತಡದ ಬಗ್ಗೆ. ಬಾಯಿ ಬಿಡದ ತಡ.

ಕೆಲಸಕ್ಕೆ ಸೇರಿದ ಶುರುವಿನ ವರ್ಷಗಳಲ್ಲಿ ಪೋಲಿಯೋ ಹನಿ ಹಾಕುತ್ತಾ ಗಡಿಯ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಹೊರಗಿನ ಚಾವಡಿಯ ತುದಿಯಲ್ಲಿ ಒಬ್ಬಳು ಅಡಿಕೆ ಸುಲಿಯುತ್ತಾ ಕೂತಿದ್ದಳು. ನಾನು ಹತ್ತಿರ ಹೋದ ಹಾಗೆ ಅವಳು ಹಿಂದೆ ಹಿಂದೆ ಸರಿದಳು. ಚೊಚ್ಚಲ ಹೆರಿಗೆ ಮನೆಯಲ್ಲೇ, ಮಳೆಗಾಲ, ತೋಡು ತುಂಬಿ ದಾಟಲು ಆಗಲಿಲ್ಲ, ಎರಡು ದಿನ ನೋವು ತಿಂದು ಮಗು ಸತ್ತು ಹುಟ್ಟಿತ್ತು. ಅವತ್ತಿನಿಂದ ಸೋರುತ್ತಿತ್ತು. ಗಂಡನ ಮನೆಯವರು ತವರಿಗೆ ಬಿಟ್ಟು ಹೋಗಿದ್ದರು. ದೈವದ ಮುನಿಸು ಅಂತ ಕೋಲ ಕೊಟ್ಟಾಗಿತ್ತು, ಜ್ಯೋತಿಷ್ಯ ಕೇಳಿ ಆಗಿತ್ತು. ಡಾಕ್ಟರಿಗೆ ಮಾತ್ರ ತೋರಿಸಿರಲಿಲ್ಲ. ನಾನು ಮೊದಲು ಅವಳನ್ನು ಕರೆದುಕೊಂಡು ಹೋದ ಕಡೆ, ಜನ ತುಂಬಿದ ಓಪಿಯಲ್ಲಿ, ಅಂದರೆ ಹೊರರೋಗಿಗಳನ್ನು ನೋಡುವ ವಿಭಾಗದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಮಲಯಾಳದಲ್ಲಿ ಗಟ್ಟಿಯಾಗಿ ಪ್ರಶ್ನೆ ಕೇಳಿದರು. ತುಳು ಕನ್ನಡ ಬಿಟ್ಟು ಬೇರೆ ಬಾರದ ಅವಳು ತಲೆ ತಗ್ಗಿಸಿ ಎದ್ದು ಬಂದುಬಿಟ್ಟಳು. ಮತ್ತೆ ಅವಳನ್ನು ಹೊರಡಿಸಲು ತಿಂಗಳುಗಳೇ ಹಿಡಿದವು. ಕೊನೆಗೆ ಮಂಗಳೂರಿನಲ್ಲಿ ಆಪರೇಷನ್ ಆಯಿತು, ವಾಸಿಯಾಯಿತು. ಆಮೇಲೆ ಅವಳು ತಂಗಿಯ ಮಗನ ಮದುವೆಯಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡಿದಳು ಅಂತ ಕೇಳಿದಾಗ ನಾನು ಅತ್ತುಬಿಟ್ಟಿದ್ದೆ.

ಅಂಥ ಹೆರಿಗೆ ಗಾಯ ಈಗ ನಮ್ಮಲ್ಲಿ ಅಪರೂಪ, ನಿಜ. ಆದರೆ ಗರ್ಭಕೋಶ ತೆಗೆಯುವಾಗಲೋ, ಕಷ್ಟದ ಸಿಸೇರಿಯನ್ನಿನಲ್ಲೋ ಮೂತ್ರಕೋಶಕ್ಕೆ ಪೆಟ್ಟಾಗಿ ಇದೇ ತೊಂದರೆ ಬರುವುದಿದೆ. ಇನ್ನು ಗರ್ಭಕೋಶ ಜಾರುವುದು, ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಹೋಗುವುದು, ಇದು ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಹುಲ್ಲಿನ ಕಟ್ಟ ಹೊರುವವರು, ಬಾವಿಯಿಂದ ನೀರು ಸೇದುವವರು, ಹೆತ್ತ ಕೆಲವೇ ವಾರಕ್ಕೆ ತೋಟದ ಕೆಲಸಕ್ಕೆ ಇಳಿದವರು. ಬೀಡಿ ಕಟ್ಟುವ ಹೆಂಗಸರು ಎದ್ದು ಹೋಗುವುದು ತಪ್ಪಲಿ ಅಂತ ನೀರೇ ಕುಡಿಯುವುದಿಲ್ಲ, ಆಮೇಲೆ ಮೂತ್ರದ ಸೋಂಕು ಮಾಡಿಕೊಳ್ಳುತ್ತಾರೆ. ಬಟ್ಟೆ ತುಂಡು ಇಟ್ಟುಕೊಂಡು, ಬಸ್ಸು ಹತ್ತುವುದು ಬಿಟ್ಟು, ಯಕ್ಷಗಾನ, ಜಾತ್ರೆ ಎಲ್ಲ ಬಿಟ್ಟು, ಪ್ರಾಯ ಆಯ್ತಲ್ಲ, ಇದೆಲ್ಲ ಇರುವುದೇ ಅಂದುಕೊಳ್ಳುತ್ತಾರೆ. ಇರುವುದೇ ಅಲ್ಲ. ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮದಿಂದಲೇ ಸುಮಾರು ಜನರಿಗೆ ಗುಣ ಸಿಗುತ್ತದೆ. ಜಾರಿದ ಗರ್ಭಕೋಶಕ್ಕೆ ಒಳಗೆ ಇಡುವ ರಬ್ಬರಿನ ಬಳೆಯಂಥದ್ದು ಇದೆ, ಬೇಕಾದರೆ ಆಪರೇಷನ್ ಇದೆ. ಎಲ್ಲದಕ್ಕೂ ಗರ್ಭಕೋಶ ತೆಗೆಸಿಬಿಡುವುದೇ ದಾರಿ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ ಅಂತ ನಾನು ನಮ್ಮ ಹೆಂಗಸರಿಗೆ ಯಾವಾಗಲೂ ಹೇಳುತ್ತಿದ್ದೆ.

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಭಾಷೆಯ ಕಷ್ಟವೂ ಸೇರಿದೆ. ಜಮೀನಿನ ಕಾಗದ ಮಲಯಾಳದಲ್ಲಿ ಬಂದರೆ ಓದಿಸಿಕೊಳ್ಳಬಹುದು. ಆದರೆ ನನಗೆ ಕೆಳಗೆ ಸೋರುತ್ತದೆ ಡಾಕ್ಟರೇ ಅನ್ನುವ ಮಾತನ್ನು ಒಬ್ಬ ಹೆಂಗಸು ಪಕ್ಕದ ಮನೆಯ ಹುಡುಗನ ಬಾಯಿಂದ ಅನುವಾದ ಮಾಡಿಸಬೇಕಾ? ಕನ್ನಡದ ಹೋರಾಟದಲ್ಲಿ ಶಾಲೆಯ ಮಾತು ಬರುತ್ತದೆ, ಬೋರ್ಡಿನ ಮಾತು ಬರುತ್ತದೆ, ನೌಕರಿಯ ಮಾತು ಬರುತ್ತದೆ. ಎಲ್ಲವೂ ಬೇಕು. ಹೆರಿಗೆ ವಾರ್ಡಿನ ಮಾತನ್ನು ಮಾತ್ರ ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗದ ಓಪಿ ಇರುವ ದಿನ ಕನ್ನಡ, ತುಳು ಬರುವ ಒಬ್ಬ ನರ್ಸಾದರೂ ಇರಲೇಬೇಕು ಅಂತ ನಮ್ಮ ಸಂಘಟನೆಯವರು ಬೇಡಿಕೆ ಇಡಲಿ. ಪರದೆ ಎಳೆದ ಒಂದು ಮೂಲೆ, ಅಲ್ಲಿ ಮೆಲ್ಲಗೆ ಕೇಳುವ ಒಂದು ದನಿ, ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ.

ನಮ್ಮ ಜಿಲ್ಲೆಯ ಪಡ್ರೆಯ ಕಡೆ ಒಬ್ಬ ಹಳ್ಳಿ ಡಾಕ್ಟರು ತನ್ನ ಹತ್ತಿರ ಬರುವ ಕಾಯಿಲೆಗಳನ್ನು ಗಮನವಿಟ್ಟು ನೋಡಿ ಬರೆದದ್ದರಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ಹೊರಗೆ ಬಂತು, ಪತ್ರಿಕೆಗಳು ಅದನ್ನು ಹಿಡಿದು ಎಳೆದವು. ಆ ಕೆಲಸದಲ್ಲಿ ಕನ್ನಡ ಪತ್ರಿಕೆಗಳ ಪಾಲು ದೊಡ್ಡದು. ಹಾಗಾಗಿಯೇ ನಿಮಗೆ ಈ ಪತ್ರ.

ಮೇ 23ನ್ನು ವಿಶ್ವಸಂಸ್ಥೆ 2013ರಿಂದ ಹೆರಿಗೆ ಫಿಸ್ಟುಲಾ ನಿರ್ಮೂಲನ ದಿನ ಅಂತ ಆಚರಿಸುತ್ತಿದೆ. ಆ ದಿನದ ಪುರವಣಿಯಲ್ಲಿ ಒಂದು ಪುಟ ಇದಕ್ಕೆ ಕೊಡಿ. ಮೋರಾ ಲಿಂಚ್ ಅವರ ಜೀವನದ ಜೊತೆಗೆ ನಮ್ಮ ಕಡೆಯ ಒಬ್ಬ ಸ್ತ್ರೀರೋಗ ತಜ್ಞೆಯಿಂದ ಸರಳವಾಗಿ ಬರೆಸಿ: ಸೋರುವುದು ಯಾಕೆ, ವ್ಯಾಯಾಮ ಹೇಗೆ ಮಾಡುವುದು, ಯಾವಾಗ ಡಾಕ್ಟರ ಹತ್ತಿರ ಹೋಗಲೇಬೇಕು, ಯಾವ ಸರಕಾರಿ ಆಸ್ಪತ್ರೆಯಲ್ಲಿ ಯಾವ ದಿನ ತೋರಿಸಬಹುದು. ಅಕ್ಷರ ಸ್ವಲ್ಪ ದೊಡ್ಡದಿರಲಿ, ವಯಸ್ಸಾದವರಿಗೆ ಓದಲು ಆಗಬೇಕು. ಆ ಪುಟವನ್ನು ಹೆಂಗಸರ ಕುಟುಂಬಶ್ರೀ ಸಂಘಗಳ ಸಭೆಗಳಲ್ಲಿ, ಅಂಗನವಾಡಿಗಳಲ್ಲಿ, ಬೀಡಿ ಬ್ರಾಂಚಿನ ಜಗಲಿಯಲ್ಲಿ ಓದಿ ಹೇಳಲು ನನ್ನ ಹಾಗೆ ನಿವೃತ್ತರಾದ ನಾಲ್ಕೈದು ಮಂದಿ ತಯಾರಿದ್ದೇವೆ. ಪ್ರತಿಗಳ ಖರ್ಚು ನಾವೇ ಹಾಕಿಕೊಳ್ಳುತ್ತೇವೆ. ಎಷ್ಟು ಬೇಕು ಅಂತ ಏಪ್ರಿಲ್ ಕೊನೆಯೊಳಗೆ ನಿಮ್ಮ ಕಾಸರಗೋಡು ಕಚೇರಿಗೆ ತಿಳಿಸುತ್ತೇವೆ.

ಇತಿ,
ಒಬ್ಬ ನಿವೃತ್ತ ಆರೋಗ್ಯ ಕಾರ್ಯಕರ್ತೆ
ಬದಿಯಡ್ಕ, ಕಾಸರಗೋಡು ಜಿಲ್ಲೆ